ಬುತ್ತಿ ಕಟ್ಟಿಕೊಂಡು ಬರುವವರಿಗೂ ಜೋಗದಲ್ಲಿ ಜಾಗವಿರಲಿ

ಜೋಗ ನಿರ್ವಹಣಾ ಪ್ರಾಧಿಕಾರದವರಿಗೆ, ಶಿವಮೊಗ್ಗ ಜಿಲ್ಲಾಡಳಿತಕ್ಕೆ, ಪ್ರವಾಸೋದ್ಯಮ ಇಲಾಖೆಗೆ,

ಮಾನ್ಯರೇ, ನಮಸ್ಕಾರ.

ನಾನು ಸಾಗರದ ಹತ್ತಿರದ ಒಂದು ಹಳ್ಳಿಯವನು. ಸರ್ಕಾರಿ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದು ಈಗ ನಿವೃತ್ತನಾಗಿದ್ದೇನೆ. ಕೆಲಸದಲ್ಲಿದ್ದಷ್ಟು ಕಾಲ ಹೆಚ್ಚುಕಡಿಮೆ ಪ್ರತಿ ವರ್ಷ ಮಕ್ಕಳನ್ನು ಹೊರಸಂಚಾರಕ್ಕೆ ಅಂತ ಜೋಗಕ್ಕೆ ಕರೆದುಕೊಂಡು ಹೋಗಿದ್ದೇನೆ. ನಿಮ್ಮ ಕೆಲಸಕ್ಕೆ ಅಡ್ಡಗಾಲು ಹಾಕುವ ಉದ್ದೇಶ ನನಗಿಲ್ಲ. ಜೋಗದ ಮೇಲೆ ನನಗಿರುವ ಪ್ರೀತಿ ನಿಮಗೂ ಇದೆ ಅಂತ ನಂಬಿಯೇ ಬರೆಯುತ್ತಿದ್ದೇನೆ.

ಮೊದಲು ಒಂದು ದಿನದ ಕಥೆ ಹೇಳಿಬಿಡುತ್ತೇನೆ.

ಆಗಸ್ಟ್ ತಿಂಗಳು. ಒಂಬತ್ತನೇ ಕ್ಲಾಸಿನ ಮಕ್ಕಳು. ಬೆಳಿಗ್ಗೆ ಹತ್ತಕ್ಕೆಲ್ಲ ಜೋಗ ಮುಟ್ಟಿದೆವು. ಕಂಬಿ ಹಿಡಿದು ನಿಂತರೆ ಎದುರಿಗೆ ಏನೂ ಇಲ್ಲ. ಬರೀ ಮಂಜು. ಕಿವಿಗೆ ಮಾತ್ರ ಭೋರ್ ಅನ್ನುವ ಸದ್ದು. ಮೇಲಿಂದ ಜಿಟಿಜಿಟಿ ಮಳೆ. ನಾಲ್ಕೈದು ಮಕ್ಕಳಿಗೆ ಒಂದು ಕೊಡೆ. ಅರ್ಧ ಗಂಟೆ ಆಯಿತು, ಒಂದು ಗಂಟೆ ಆಯಿತು. ಒಬ್ಬ ಹುಡುಗ ಬಂದು, "ಸಾರ್, ಇದನ್ನ ನೋಡೋಕೇನಾ ನಾವು ಬಂದಿದ್ದು? ಬರೀ ಬಿಳೀ ಗೋಡೆ" ಅಂದ. "ಇರೋ, ಗಾಳಿ ತಿರುಗ್ಲಿ" ಅಂದೆ. ಮಕ್ಕಳು ಅಲ್ಲೇ ಒಂದು ಮಾಡಿನ ಕೆಳಗೆ ಒತ್ತಿಕೊಂಡು ಕೂತು ಬುತ್ತಿ ಬಿಚ್ಚಿದರು. ಒಬ್ಬಳ ಡಬ್ಬಿಯಲ್ಲಿ ಚಿತ್ರಾನ್ನ, ಇನ್ನೊಬ್ಬಳದರಲ್ಲಿ ದೋಸೆ, ನೆಂಚಿಕೊಳ್ಳಲು ಅಪ್ಪೆಮಿಡಿ ಉಪ್ಪಿನಕಾಯಿ. ಒಬ್ಬರ ಡಬ್ಬಿಗೆ ಒಬ್ಬರ ಕೈ. ಇಬ್ಬರು ಹುಡುಗರು ಕಾಲಿಗೆ ಹತ್ತಿದ ಉಂಬಳ (ಜಿಗಣೆ) ಕೀಳುತ್ತಾ ಯಾರದ್ದು ದೊಡ್ಡದು ಅಂತ ಜಗಳಕ್ಕೆ ನಿಂತಿದ್ದರು.

ಆಮೇಲೆ ಗಾಳಿ ತಿರುಗಿತು. ಯಾರೋ ಹೊದ್ದ ಕಂಬಳಿಯನ್ನು ಜಗ್ಗಿದ ಹಾಗೆ ಮಂಜು ಒಂದು ಕಡೆಗೆ ಸರಿಯಿತು. ಮೊದಲು ರಾಜ ಕಂಡ. ಆಮೇಲೆ ರೋರರ್, ರಾಕೆಟ್. ಕೊನೆಗೆ ರಾಣಿ. ಮಕ್ಕಳು ಡಬ್ಬಿ ಅಲ್ಲೇ ಬಿಟ್ಟು ಓಡಿದರು. ಕಂಬಿಯ ಬಳಿ ಒಂದೇ ಕೂಗು. ಮೂರು ನಿಮಿಷ ಇದ್ದಿರಬಹುದು, ಅಷ್ಟೇ. ಮತ್ತೆ ಮಂಜು ಮುಚ್ಚಿತು. ಆದರೆ ಆ ಮೂರು ನಿಮಿಷದಲ್ಲಿ ನನ್ನ ಪಕ್ಕ ನಿಂತಿದ್ದ ಒಬ್ಬ ಹುಡುಗಿ ಮೆಲ್ಲಗೆ ಒಂದು ಮಾತು ಹೇಳಿದಳು. "ಸಾರ್, ಇದು ನಮ್ಮಜ್ಜಿ ಮನೆ ಮೇಲಿಂದ ಬಂದ ನೀರು."

ಅವಳ ಅಜ್ಜಿಯ ಊರು ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತ್ತು. ಅಣೆಕಟ್ಟು ಆದದ್ದು 1964ರಲ್ಲಿ. ಆ ಮಗು ಹುಟ್ಟುವ ಎಷ್ಟೋ ಮೊದಲು. ಆದರೂ ಅವಳಿಗೆ ಗೊತ್ತಿತ್ತು. ಮನೆ, ಗದ್ದೆ, ತೋಟ, ದೇವರ ಬನ ಎಲ್ಲದರ ಮೇಲೆ ನಿಂತ ನೀರು ಗೇಟು ಎತ್ತಿದಾಗ ಇಲ್ಲಿಗೆ ಬಂದು ಬೀಳುತ್ತದೆ ಅಂತ. 253 ಮೀಟರ್ ಎತ್ತರದಿಂದ ಬೀಳುವ ನೀರನ್ನು ಬೆಂಗಳೂರಿನವರು ನೋಡುವ ರೀತಿ ಬೇರೆ, ಆ ಹುಡುಗಿ ನೋಡಿದ ರೀತಿ ಬೇರೆ ಅಲ್ವಾ? ನಮ್ಮ ಕಡೆ ಮಳೆಗಾಲದಲ್ಲಿ ಎಲ್ಲರ ಬಾಯಲ್ಲೂ 1819 ಅನ್ನುವ ಸಂಖ್ಯೆ ಇರುತ್ತದೆ. ಲಿಂಗನಮಕ್ಕಿ ತುಂಬುವುದು 1819 ಅಡಿಗೆ. ಅಂಗಡಿಯಲ್ಲಿ, ಬಸ್ಸಿನಲ್ಲಿ, ಅಡಿಕೆ ಮಂಡಿಯಲ್ಲಿ, "ಇವತ್ತು ಎಷ್ಟಾಯ್ತಂತೆ?" ಅಂತಲೇ ಮಾತು ಶುರು. ಜೋಗ ನಮಗೆ ಮನೆಯ ವಿಷಯ.

ಅದಕ್ಕೇ ಈ ಪತ್ರ.

ಹೊಸ ಹೆಬ್ಬಾಗಿಲು, ರೋಪ್‌ವೇ, ಪಂಚತಾರಾ ಹೋಟೆಲ್ ಅಂತ ಜೋಗದ ಬಗ್ಗೆ ಕೇಳುತ್ತಾ ವರ್ಷಗಳಾದವು. 2025ರ ಮೊದಲ ತಿಂಗಳುಗಳಲ್ಲಿ ಕಾಮಗಾರಿಗೆಂದು ಪ್ರವಾಸಿಗರಿಗೆ ಗೇಟೂ ಮುಚ್ಚಿತ್ತು. ಶಿವಮೊಗ್ಗಕ್ಕೆ 2023ರಲ್ಲಿ ವಿಮಾನ ನಿಲ್ದಾಣ ಬಂತು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಯಿತು. ಹಿನ್ನೀರು ದಾಟಲು ಲಾಂಚಿಗೆ ಕಾಯುವ ಕಾಲ ಮುಗಿಯಿತು. ಇನ್ನು ಜನ ಬರುವುದು ಜಾಸ್ತಿಯೇ ಆಗುತ್ತದೆ. ಬಂದವರು ಒಂದೆರಡು ರಾತ್ರಿ ಉಳಿಯಲಿ, ಊರಿಗೆ ನಾಲ್ಕು ಕಾಸು ಬರಲಿ ಅನ್ನುವ ಲೆಕ್ಕ ತಪ್ಪೇನಲ್ಲ. ನನಗೂ ಅದು ಬೇಕು. ಕಾರ್ಗಲ್, ತಾಳಗುಪ್ಪದ ಹುಡುಗರು ಡಿಗ್ರಿ ಮುಗಿಸಿ ಬೆಂಗಳೂರಿನ ಬಸ್ಸು ಹತ್ತುವುದನ್ನು ನೋಡಿ ನೋಡಿ ನನಗೂ ಬೇಜಾರಾಗಿದೆ.

ನನ್ನ ಚಿಂತೆ ಬೇರೆ. ಒಂದು ದಿನಕ್ಕೆ ಬಂದು ಹೋಗುವ ಜಾಗ ರಾತ್ರಿ ಉಳಿಯುವ ಜಾಗವಾದಾಗ, ದಿನಕ್ಕೆ ಬರುವವನು ಮೆಲ್ಲಮೆಲ್ಲಗೆ ಮೂಲೆಗೆ ಸರಿಯುತ್ತಾನೆ. ಯಾರೂ ಬೇಕು ಅಂತ ಅವನನ್ನು ತಳ್ಳುವುದಿಲ್ಲ. ಒಂದೊಂದು ಬದಲಾವಣೆಯೂ ನೋಡಲಿಕ್ಕೆ ಸರಿಯಾಗಿಯೇ ಇರುತ್ತದೆ. ಇಪ್ಪತ್ತು ವರ್ಷ ಬಿಟ್ಟು ತಿರುಗಿ ನೋಡಿದಾಗಲೇ ಗೊತ್ತಾಗುವುದು.

ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ಮಗಳು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಅವಳ ಮನೆಗೆ ಹೋಗಿದ್ದಾಗ ಮೊಮ್ಮಕ್ಕಳ ಜೊತೆ ಅನಾಹೈಮ್ ಊರಿನ ಡಿಸ್ನಿಲ್ಯಾಂಡ್ ನೋಡಿದೆ. ಜಲಪಾತಕ್ಕೂ ಆಟದ ಪಾರ್ಕಿಗೂ ಏನು ಸಂಬಂಧ ಅಂತ ನೀವು ಕೇಳಬಹುದು. ನೀರಿಗೂ ಯಂತ್ರಕ್ಕೂ ಸಂಬಂಧವಿಲ್ಲ, ನಿಜ. ಆದರೆ ಒಂದು ದಿನದ ಜಾಗ ರೆಸಾರ್ಟ್ ಆದ ಕಥೆ ಅಲ್ಲಿ ಹಂತ ಹಂತವಾಗಿ ಕಣ್ಣಿಗೆ ಕಾಣುತ್ತದೆ. ಬಂದ ಮೇಲೆ ಅದರ ಚರಿತ್ರೆಯನ್ನು ಕೂತು ಓದಿದೆ. ಮೇಷ್ಟ್ರ ಚಟ ಹೋಗುವುದಿಲ್ಲ.

ಡಿಸ್ನಿಲ್ಯಾಂಡ್ ಶುರುವಾದದ್ದು 1955ರ ಜುಲೈ 17ರಂದು. 160 ಎಕರೆ ಕಿತ್ತಳೆ ತೋಟ ಕೊಂಡು ಕಟ್ಟಿದ್ದು. ಒಳಗೆ ಹೋಗಲು ದೊಡ್ಡವರಿಗೆ ಒಂದು ಡಾಲರ್. ಆಟಗಳಿಗೆ ಬೇರೆ ಚೀಟಿ. ಪಾರ್ಕ್ ಕಟ್ಟುವುದರಲ್ಲೇ ವಾಲ್ಟ್ ಡಿಸ್ನಿಯ ಕೈ ಬರಿದಾಗಿತ್ತು. ಹಾಗಾಗಿ ಪಕ್ಕದ ಹೋಟೆಲನ್ನು ಬೇರೊಬ್ಬರ ಕೈಯಲ್ಲಿ ಕಟ್ಟಿಸಿದರು. ಅದಕ್ಕೆ ಡಿಸ್ನಿ ಹೆಸರಿತ್ತು, ಒಡೆತನ ಇರಲಿಲ್ಲ. ಆ ಹೋಟೆಲು ಕಂಪನಿಯ ಕೈಗೆ ಬಂದದ್ದು 1980ರ ದಶಕದ ಕೊನೆಗೆ. ಅಲ್ಲಿಯ ತನಕ ಡಿಸ್ನಿಲ್ಯಾಂಡ್ ಮುಖ್ಯವಾಗಿ ಸುತ್ತಮುತ್ತಲಿನ ಊರಿನವರು ಬೆಳಿಗ್ಗೆ ಬಂದು, ಆಡಿ, ರಾತ್ರಿ ಮನೆಗೆ ಹೋಗುವ ಜಾಗ. ಪಾರ್ಕಿನ ಸುತ್ತ ಯಾರ್ಯಾರೋ ಮೋಟೆಲುಗಳನ್ನು ಎಬ್ಬಿಸಿಕೊಂಡರು. ಅದನ್ನು ಕಂಡು ಬೇಸತ್ತ ಡಿಸ್ನಿ ಮುಂದಿನ ಪಾರ್ಕಿಗೆ ಫ್ಲೋರಿಡಾದಲ್ಲಿ 27,000 ಎಕರೆ ಮೀರಿ ಜಾಗ ಕೊಳ್ಳಿಸಿದರು. ಅದು 1971ರಲ್ಲಿ ತೆರೆಯಿತು. ಅಲ್ಲಿ ರೂಮು, ಪಾರ್ಕು, ರಸ್ತೆ ಎಲ್ಲ ಹೆಚ್ಚುಕಡಿಮೆ ಮೊದಲಿನಿಂದಲೇ ಒಬ್ಬರ ಕೈಯಲ್ಲೇ.

ಆಮೇಲೆ ಫ್ಲೋರಿಡಾದ ಲೆಕ್ಕ ಹಳೇ ಪಾರ್ಕಿಗೂ ಬಂತು. ಒಬ್ಬ ಮನುಷ್ಯ ಒಂದು ದಿನ ಬಂದು ಹೋದರೆ ಒಂದು ಟಿಕೆಟ್ ದುಡ್ಡು. ಮೂರು ದಿನ ಉಳಿದರೆ ರೂಮು, ಊಟ, ಅಂಗಡಿ ಎಲ್ಲದರ ದುಡ್ಡು. 1991ರಲ್ಲಿ ಹಳೇ ಪಾರ್ಕನ್ನು ರೆಸಾರ್ಟ್ ಮಾಡುವ ಒಂದು ದೊಡ್ಡ ಯೋಜನೆ ಪ್ರಕಟಿಸಿದರು. ಊರಿನವರು ವಿರೋಧಿಸಿದರು, ಖರ್ಚೂ ಹೆಚ್ಚಾಗಿತ್ತು, ಅಷ್ಟರಲ್ಲಿ ಡಿಸ್ನಿಯವರದ್ದೇ ಪ್ಯಾರಿಸ್ಸಿನ ಪಾರ್ಕ್ ನಷ್ಟಕ್ಕೆ ಬಿತ್ತು. 1995ರಲ್ಲಿ ಅದನ್ನು ಕೈಬಿಟ್ಟು ಸಣ್ಣದೊಂದು ಯೋಜನೆ ತೆಗೆದರು. ಹಳೇ ಪಾರ್ಕಿನ ಎದುರು ಕಾರು ನಿಲ್ಲಿಸುತ್ತಿದ್ದ ವಿಶಾಲ ಬಯಲಿನಲ್ಲೇ ಎರಡನೇ ಪಾರ್ಕ್ ಕಟ್ಟಿ 2001ರ ಫೆಬ್ರವರಿಯಲ್ಲಿ ತೆರೆದರು. ಜೊತೆಗೆ ದೊಡ್ಡ ಹೋಟೆಲ್, ಅಂಗಡಿ ಸಾಲು. ಆ ಹೋಟೆಲಿನ ಒಳಗಿನಿಂದಲೇ ಪಾರ್ಕಿಗೆ ಒಂದು ಬಾಗಿಲು. ಅಲ್ಲಿ ಉಳಿದವರು ಹೊರಗಿನ ಗೇಟಿಗೆ ಬರಬೇಕಿಲ್ಲ.

ಈ ಬಾಗಿಲಿನ ವಿಷಯವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮುಂದೆ ಮತ್ತೆ ಬರುತ್ತೇನೆ.

ಮಾಡಿದ್ದರಲ್ಲಿ ಒಳ್ಳೆಯದೂ ಇದೆ. ಊರಿನವರು ಬಾಂಡ್ ಎತ್ತಿ ರಸ್ತೆ ಅಗಲ ಮಾಡಿದರು, ಸಾಲುಮರ ನೆಟ್ಟರು. ಆ ಸಾಲವನ್ನು ಹೋಟೆಲ್ ರೂಮಿನ ತೆರಿಗೆಯಿಂದ ತೀರಿಸುವ ಲೆಕ್ಕ ಹಾಕಿಕೊಂಡರು. ಪಾರ್ಕಿನೊಳಗೆ ನೆಲ ಹೇಗಿದೆ ಅಂದರೆ ಮೊಮ್ಮಗ ಬೀಳಿಸಿದ ಪಾಪ್‌ಕಾರ್ನ್ ಎತ್ತಲು ನಾನು ಬಗ್ಗುವಷ್ಟರಲ್ಲಿ ಒಬ್ಬ ಹುಡುಗ ಬಂದು ಗುಡಿಸಿಕೊಂಡು ಹೋಗಿದ್ದ. ನಗುತ್ತಲೇ ಹೋದ. ಅದನ್ನು ನೋಡಿ ನನಗೆ ನಮ್ಮ ಜೋಗದ ನೆನಪಾಗಿ ಸಂಕಟವಾಯಿತು. ಪ್ಲಾಸ್ಟಿಕ್ ಬಾಟಲಿ, ಚಿಪ್ಸ್ ಪೊಟ್ಟಣ ಬಿಸಾಡುವವರು ನಾವೇ. ಆ ತಪ್ಪನ್ನು ನಿಮ್ಮ ಮೇಲೆ ಹಾಕುವುದಿಲ್ಲ.

ಆದರೆ ಹೊಸದನ್ನು ಕಟ್ಟುವ ಭರದಲ್ಲಿ ಹಳೆಯದು ಸೊರಗಿತು. ಆ ವರ್ಷಗಳಲ್ಲಿ ಹಳೇ ಪಾರ್ಕಿನ ನಿರ್ವಹಣೆಗೆ ಕತ್ತರಿ ಬಿತ್ತು ಅನ್ನುವ ದೂರು ಜೋರಾಗಿತ್ತು. 2003ರ ಸೆಪ್ಟೆಂಬರಿನಲ್ಲಿ ಅಲ್ಲಿನ ಗಣಿ ರೈಲಿನ ಆಟ ಹಳಿ ತಪ್ಪಿ 22 ವರ್ಷದ ಒಬ್ಬ ಯುವಕ ಸತ್ತ. ನಿರ್ವಹಣೆ ಸರಿಯಾಗಿ ಆಗಿರಲಿಲ್ಲ, ಕೆಲಸದವರಿಗೆ ತರಬೇತಿ ಸಾಲದು ಅಂತ ಸರ್ಕಾರದ ತನಿಖೆಯೇ ಹೇಳಿತು. ಒಂದು ಬೋಲ್ಟ್ ಬಿಗಿಯಾಗಿಲ್ಲ ಅನ್ನುವುದು ಹೊಸ ಹೋಟೆಲಿನ ಉದ್ಘಾಟನೆಯ ದಿನ ಯಾರ ಕಣ್ಣಿಗೂ ಬೀಳುವುದಿಲ್ಲ. ಜೋಗದಲ್ಲಿ ಕೆಳಗಿಳಿಯಲು 1,400ರಷ್ಟು ಮೆಟ್ಟಿಲಿವೆ. ಪಾಚಿ ಕಟ್ಟುವ ಮೆಟ್ಟಿಲು, ತುಕ್ಕು ಹಿಡಿಯುವ ಕಂಬಿ. ನಮ್ಮ ಮಳೆಯಲ್ಲಿ ಕಬ್ಬಿಣ ಎಷ್ಟು ದಿನ ಬಾಳುತ್ತದೆ ಅಂತ ಇಲ್ಲಿ ಮನೆ ಕಟ್ಟಿದ ಪ್ರತಿಯೊಬ್ಬನಿಗೂ ಗೊತ್ತು. ರೋಪ್‌ವೇ ಬಂದ ಮೇಲೆ ಮೆಟ್ಟಿಲು ಯಾರಿಗೆ ಬೇಕು ಅನ್ನುವ ಮಾತು ಯಾವ ಸಭೆಯಲ್ಲೂ ಬಾರದಿರಲಿ. ರೋಪ್‌ವೇಗೆ ದುಡ್ಡಿಲ್ಲದವರು ಮೆಟ್ಟಿಲನ್ನೇ ನಂಬಿಕೊಂಡು ಬರುತ್ತಾರೆ.

ಇನ್ನು ಸಾಲಿನ ವಿಷಯ. ಆಟಗಳ ಮುಂದೆ ಸರತಿ ಉದ್ದವಾಗುತ್ತದೆ ಅಂತ 1999ರಲ್ಲಿ ಒಂದು ಉಪಾಯ ಮಾಡಿದ್ದರು. ಯಂತ್ರದಿಂದ ಒಂದು ಚೀಟಿ ತೆಗೆದುಕೊಂಡರೆ ಹೇಳಿದ ಹೊತ್ತಿಗೆ ಬಂದು ಬೇಗ ಒಳಗೆ ಹೋಗಬಹುದಿತ್ತು. ಎಲ್ಲರಿಗೂ ಪುಕ್ಕಟೆ. ಕೋವಿಡ್ಡಿನಲ್ಲಿ ಪಾರ್ಕ್ ಮುಚ್ಚಿ ತೆರೆದ ಮೇಲೆ ಆ ಚೀಟಿ ವಾಪಸ್ ಬರಲಿಲ್ಲ. 2021ರ ಕೊನೆಯಲ್ಲಿ ಅದರ ಜಾಗಕ್ಕೆ ದುಡ್ಡಿನ ವ್ಯವಸ್ಥೆ ಬಂತು. ಈಗ ಹೆಚ್ಚು ದುಡ್ಡು ಕೊಟ್ಟವರಿಗೆ ಬೇರೆ ಸಾಲು. 2016ರಿಂದ ಟಿಕೆಟ್ ದರವೂ ದಿನಕ್ಕೊಂದು. ಜನ ಜಾಸ್ತಿ ಬರುವ ದಿನ ದರ ಜಾಸ್ತಿ. ಅತಿ ದುಬಾರಿ ದಿನದಲ್ಲಿ ಒಬ್ಬರಿಗೆ 200 ಡಾಲರ್ ದಾಟಿದೆ. ಒಂದು ಡಾಲರಿನಿಂದ ಶುರುವಾದದ್ದು. 70 ವರ್ಷದಲ್ಲಿ ಎಲ್ಲದರ ಬೆಲೆ ಏರುತ್ತದೆ, ಒಪ್ಪುತ್ತೇನೆ. ಆದರೆ ರಜೆಯ ದಿನ ದರ ಏರಿಸಿದರೆ ಪೆಟ್ಟು ಯಾರಿಗೆ? ರಜೆಯ ದಿನ ಬಿಟ್ಟು ಬೇರೆ ದಿನ ಬರಲಾಗದವರಿಗೆ. ಕೂಲಿಯವರಿಗೆ, ಶಾಲೆಗೆ ಹೋಗುವ ಮಕ್ಕಳಿಗೆ, ಅಂಗಡಿಯಲ್ಲಿ ಕೆಲಸ ಮಾಡುವವರಿಗೆ.

ಇನ್ನೊಂದು ಸಣ್ಣ ವಿಷಯ ಓದಿ ನನಗೆ ಯಾಕೋ ತುಂಬಾ ಬೇಸರವಾಯಿತು. ಆ ಪಾರ್ಕಿನ ಹಿಂದಿನ ಭಾಗದಲ್ಲಿ ಹಳ್ಳಿ ಮನೆಯ ಹಾಗೆ ಒಂದು ಜಾಗ ಇತ್ತಂತೆ. ಅಲ್ಲಿ ಆಡುಗಳಿದ್ದವು. ಮಕ್ಕಳು ಹೋಗಿ ಮೈ ಸವರಿ ಬರಬಹುದಿತ್ತು. ಸಾಲಿಲ್ಲ, ಗದ್ದಲವಿಲ್ಲ. 2016ರ ಜನವರಿಯಲ್ಲಿ ಅದನ್ನು ಮುಚ್ಚಿ, ಆ ಕಡೆಯ ಜಾಗವನ್ನೆಲ್ಲ ಸೇರಿಸಿ 14 ಎಕರೆಯಲ್ಲಿ ಒಂದು ಸಿನಿಮಾ ಲೋಕ ಕಟ್ಟಿ 2019ರಲ್ಲಿ ತೆರೆದರು. ಜನ ಮುಗಿಬಿದ್ದು ಹೋಗುತ್ತಾರೆ, ಚೆನ್ನಾಗಿಯೂ ಇದೆ. ಆದರೆ ದುಡ್ಡು ಕೊಡದೆ ಸುಮ್ಮನೆ ಕೂರುವ ಜಾಗಗಳೇ ಮೊದಲು ಹೋಗುವುದು. ಲೆಕ್ಕದ ಪುಸ್ತಕದಲ್ಲಿ ಅಂಥ ಜಾಗ ಖಾಲಿ ಜಾಗ ಅಂತಲೇ ಕಾಣುತ್ತದೆ.

ನಮ್ಮ ಜೋಗದಲ್ಲಿ ಅಂಥ ಖಾಲಿ ಜಾಗ ಯಾವುದು ಹೇಳಿ? ಮಕ್ಕಳು ಬುತ್ತಿ ಬಿಚ್ಚಿದ ಆ ಮಾಡು. ಮಂಜು ಸರಿಯುವ ತನಕ ನಿಲ್ಲುವ ಕಂಬಿಯ ಸಾಲು. ಅನಾನಸ್ ಹೋಳಿಗೆ ಉಪ್ಪುಖಾರ ಹಚ್ಚಿ ಕೊಡುವ ಹೆಂಗಸು ಬುಟ್ಟಿ ಇಟ್ಟುಕೊಂಡು ಕೂರುವ ಮೂರಡಿ ನೆಲ. ಜೋಗದಲ್ಲಿ ಕಾಯುವುದು ಅಂದರೆ ಹೊತ್ತು ಹಾಳು ಮಾಡುವುದಲ್ಲ. ಕಾಯದವನಿಗೆ ಅದು ಕಾಣುವುದೇ ಇಲ್ಲ. ಹಾಗಾಗಿ ಒಂದು ಬ್ಯಾಚಿಗೆ ಒಂದು ಗಂಟೆ, ಒಂದು ಟಿಕೆಟಿಗೆ ಎರಡು ಗಂಟೆ ಅಂತ ಇಲ್ಲಿ ಯಾವತ್ತೂ ತರಬೇಡಿ. ಮಂಜಿಗೆ ಟೈಮ್‌ಟೇಬಲ್ ಇಲ್ಲ. ಒಂದೂವರೆ ಗಂಟೆ ಕಾದು, ಟೈಮಾಯಿತು ಅಂತ ಮಕ್ಕಳನ್ನು ಹೊರಗೆ ಕರೆತಂದ ಮೇಲೆ ಮಂಜು ಸರಿದರೆ ನಾನು ಆ ಮಕ್ಕಳಿಗೆ ಏನು ಹೇಳಲಿ?

ಈಗ ಬಾಗಿಲಿನ ವಿಷಯಕ್ಕೆ ಬರುತ್ತೇನೆ.

ನಮ್ಮ ಮಲೆನಾಡಿನಲ್ಲೇ ಒಂದು ಗುಡ್ಡ. ಹೆಸರು ಬೇಡ. ಮದುವೆಯಾದ ಹೊಸತರಲ್ಲಿ ನಾನು, ನನ್ನ ಹೆಂಡತಿ ಅಲ್ಲಿಗೆ ಹೋಗಿ ಸೂರ್ಯ ಮುಳುಗುವುದನ್ನು ನೋಡಿಕೊಂಡು ಬರುತ್ತಿದ್ದೆವು. ಒಂದು ಕಲ್ಲು ಹಾಸು, ಪಕ್ಕದಲ್ಲಿ ಒಂದು ನೇರಳೆ ಮರ. ಅಷ್ಟೇ. ಕೆಲವು ವರ್ಷದ ಹಿಂದೆ ಇಬ್ಬರೂ ಮತ್ತೆ ಹೋದೆವು. ದಾರಿಗೆ ಗೇಟು ಬಿದ್ದಿತ್ತು. ಒಳಗೆ ರೆಸಾರ್ಟ್. ವಾಚ್‌ಮನ್ ಕೈ ಅಡ್ಡ ಹಿಡಿದು, "ರೂಮ್ ಬುಕ್ ಆಗಿದ್ಯಾ ಸರ್?" ಅಂದ. ಮುಖ ನೋಡಿದರೆ ನನ್ನ ಹಳೇ ವಿದ್ಯಾರ್ಥಿ. ಅವನಿಗೂ ಆಗ ಗುರುತು ಹತ್ತಿತು. ಟೊಪ್ಪಿ ತೆಗೆದ. "ಸಾರ್, ನೀವಾ... ನನ್ ಕೈಲಿಲ್ಲ ಸಾರ್. ಕ್ಯಾಮೆರಾ ಇದೆ, ಮೇಲಿನವ್ರು ನೋಡ್ತಾರೆ" ಅಂತ ತಲೆ ತಗ್ಗಿಸಿದ. ಕೂರಲಿಕ್ಕೆ ತನ್ನ ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದ. ನಮ್ಮವಳು, "ಇರ್ಲಿ ಬಿಡಪ್ಪಾ, ಮನೇಲೆಲ್ಲ ಚೆನ್ನಾಗಿದಾರಾ?" ಅಂತ ಅವನನ್ನೇ ಸಮಾಧಾನ ಮಾಡಿದಳು. ವಾಪಸ್ ಬರುವಾಗ ದಾರಿಯುದ್ದಕ್ಕೂ ನಾವಿಬ್ಬರೂ ಮಾತಾಡಲಿಲ್ಲ.

ಊರಿನ ಹುಡುಗನಿಗೆ ಕೆಲಸ ಸಿಕ್ಕಿತ್ತು, ನಿಜ. ಆದರೆ ಸಿಕ್ಕ ಕೆಲಸ ಯಾವುದು? ಊರಿನವರನ್ನು ತಡೆಯುವ ಕೆಲಸ.

ಜೋಗದಲ್ಲಿ ಹೋಟೆಲ್ ಬರಲಿ. ಆದರೆ ಜಲಪಾತ ಎದುರಿಗೆ ಕಾಣುವ ಅಂಚು ಹೋಟೆಲಿನವರದ್ದು ಆಗದಿರಲಿ. ರೂಮಿನಲ್ಲಿ ಉಳಿದವರಿಗೆ ಮಾತ್ರ ಅಂತ ಒಂದು ಕಟ್ಟೆ, ಒಂದು ಗ್ಯಾಲರಿ, ಒಂದು ಒಳಬಾಗಿಲು ಇಡಬೇಡಿ. ಹೆಚ್ಚು ದುಡ್ಡು ಕೊಟ್ಟವನು ಮೆತ್ತನೆ ಹಾಸಿಗೆಯಲ್ಲಿ ಮಲಗಲಿ, ಒಳ್ಳೆಯ ಊಟ ಮಾಡಲಿ. ಬೆಳಿಗ್ಗೆ ಎದ್ದು ಜೋಗ ನೋಡಲು ಬಂದಾಗ ಬಸ್ಸಿನಲ್ಲಿ ಬಂದವನ ಪಕ್ಕವೇ, ಅದೇ ಕಂಬಿ ಹಿಡಿದು ನಿಲ್ಲಲಿ. ಇದನ್ನು ಬಾಯಿ ಮಾತಿನಲ್ಲಿ ಬಿಡಬೇಡಿ. ಹೋಟೆಲಿನವರ ಜೊತೆ ಮಾಡಿಕೊಳ್ಳುವ ಕರಾರಿನಲ್ಲೇ ಬರೆಸಿ. ಅಧಿಕಾರಿಗಳು ವರ್ಗವಾಗಿ ಹೋಗುತ್ತಾರೆ, ಕರಾರು ಮೂವತ್ತು ನಲವತ್ತು ವರ್ಷ ಇರುತ್ತದೆ.

ಕೆಲಸದ ಮಾತು ಬಂತಲ್ಲ, ಅನಾಹೈಮಿನದ್ದೇ ಇನ್ನೊಂದು ಸಂಗತಿ ಹೇಳುತ್ತೇನೆ. ರೆಸಾರ್ಟ್ ಬೆಳೆಯಿತು, ಊರಿನಲ್ಲಿ ಬಾಡಿಗೆ ಏರಿತು. ಅಲ್ಲಿ ದುಡಿಯುವವರಿಗೆ ಅಲ್ಲೇ ಬಾಳುವುದು ಕಷ್ಟವಾಯಿತು. 2018ರ ನವೆಂಬರಿನಲ್ಲಿ ಊರಿನ ಜನ ಓಟು ಹಾಕಿ ಒಂದು ಕಾನೂನು ತಂದರು. ಊರಿನಿಂದ ತೆರಿಗೆ ರಿಯಾಯಿತಿ ಪಡೆಯುವ ದೊಡ್ಡ ಸಂಸ್ಥೆಗಳು ಕೆಲಸದವರಿಗೆ ಗಂಟೆಗೆ ಕನಿಷ್ಠ 15 ಡಾಲರ್ ಕೊಡಬೇಕು, ಅದು 2022ಕ್ಕೆ 18 ಆಗಬೇಕು ಅಂತ. ಈ ಕಾನೂನು ತಮಗೆ ಅನ್ವಯಿಸುವುದಿಲ್ಲ ಅಂತ ಡಿಸ್ನಿ ಕಂಪನಿ ವಾದಿಸಿತು. ಕೆಲಸದವರು ಕೋರ್ಟಿಗೆ ಹೋದರು. 2023ರಲ್ಲಿ ಮೇಲಿನ ಕೋರ್ಟು, ಅನ್ವಯಿಸುತ್ತದೆ ಅಂತ ತೀರ್ಪು ಕೊಟ್ಟಿತು. ಕೊನೆಗೆ 23.3 ಕೋಟಿ ಡಾಲರಿಗೆ ರಾಜಿಯಾಯಿತು. ನಾನು ಇದರಿಂದ ತಿಳಿದುಕೊಂಡದ್ದು ಒಂದೇ. ಊರು ತನ್ನ ಜಾಗ, ತನ್ನ ರಸ್ತೆ, ತನ್ನ ರಿಯಾಯಿತಿ ಕೊಡುವಾಗಲೇ ಷರತ್ತು ಹಾಕಬೇಕು. ಕೊಟ್ಟ ಮೇಲೆ ಕೋರ್ಟಿಗೆ ಅಲೆಯಬೇಕಾಗುತ್ತದೆ.

ನಮ್ಮಲ್ಲಿ ಷರತ್ತು ಹಾಕಲು ಇನ್ನೂ ದೊಡ್ಡ ಕಾರಣ ಇದೆ. ಶರಾವತಿ ಮುಳುಗಡೆಯ ಕುಟುಂಬಗಳು ನಾಡಿಗೆ ಬೆಳಕು ಕೊಡಲಿಕ್ಕೆ ಮನೆ ಬಿಟ್ಟು ಬಂದವು. 1948ರಲ್ಲಿ ಜೋಗದ ಮೊದಲ ವಿದ್ಯುದಾಗಾರ ಶುರುವಾಯಿತು. ಆಮೇಲೆ ಲಿಂಗನಮಕ್ಕಿ, ಆಮೇಲೆ 1,035 ಮೆಗಾವ್ಯಾಟಿನ ಶರಾವತಿ ಕೇಂದ್ರ. ಇಷ್ಟು ವರ್ಷವಾದರೂ ಎಷ್ಟೋ ಕುಟುಂಬಗಳು ಕೂತ ಜಾಗಕ್ಕೆ ಹಕ್ಕುಪತ್ರ ಕೊಡಿ ಅಂತ ಕೇಳುತ್ತಲೇ ಇವೆ. ಹಕ್ಕುಪತ್ರ ನಿಮ್ಮ ಕೈಯಲ್ಲಿಲ್ಲ ಅಂತ ಗೊತ್ತು. ಆದರೆ ಜೋಗದ ಕೆಲಸ ನಿಮ್ಮ ಕೈಯಲ್ಲಿದೆ. ರೋಪ್‌ವೇ ನಡೆಸುವ ಹುಡುಗ, ಹೋಟೆಲಿನ ಮುಂದಿನ ಮೇಜಿನಲ್ಲಿ ಕೂರುವ ಹುಡುಗಿ, ಅಡಿಗೆಯ ಮುಖ್ಯಸ್ಥ ಇವರಲ್ಲಿ ಆ ಮನೆಗಳ ಮಕ್ಕಳಿಗೆ ಮೊದಲ ಪಾಲಿರಲಿ. ಕಸ ಗುಡಿಸಲಿಕ್ಕೆ, ಗೇಟು ಕಾಯಲಿಕ್ಕೆ ಮಾತ್ರ ಊರಿನವರು, ಉಳಿದದ್ದಕ್ಕೆಲ್ಲ ಹೊರಗಿನವರು ಅಂತ ಆಗಬಾರದು. ಈಗಿನಿಂದಲೇ ಸಾಗರದಲ್ಲಿ ಒಂದು ವರ್ಷದ ತರಬೇತಿ ಶುರು ಮಾಡಿದರೆ ಹೋಟೆಲ್ ತೆರೆಯುವ ಹೊತ್ತಿಗೆ ನಮ್ಮ ಮಕ್ಕಳು ತಯಾರಿರುತ್ತಾರೆ.

ಗೂಡಂಗಡಿಯವರ ಬಗ್ಗೆಯೂ ಒಂದು ಮಾತು. ಹೊಸ ಕಟ್ಟಡ ಬಂದಾಗ ಮೊದಲು ಎಬ್ಬಿಸುವುದು ಅವರನ್ನೇ. ಚಂದ ಕಾಣುವುದಿಲ್ಲ ಅನ್ನುತ್ತಾರೆ. ಹೊಸ ಮಳಿಗೆ ಕಟ್ಟಿ ಹರಾಜು ಹಾಕಿದರೆ ಅದು ಬೆಂಗಳೂರಿನ ಕಾಫಿ ಕಂಪನಿಗೆ ಹೋಗುತ್ತದೆಯೇ ಹೊರತು ಅನಾನಸ್ ಮಾರುವ ಹೆಂಗಸಿಗೆ ಅಲ್ಲ. ಅವಳಿಗೆ ಹರಾಜಿನಲ್ಲಿ ಕೂಗುವ ಶಕ್ತಿ ಎಲ್ಲಿಂದ ಬರಬೇಕು? ಒಂದಷ್ಟು ಮಳಿಗೆಗಳನ್ನು ಹರಾಜಿನಿಂದ ಹೊರಗಿಟ್ಟು, ಸುತ್ತಲಿನ ಮಹಿಳಾ ಸಂಘಗಳಿಗೆ, ಈಗ ಅಲ್ಲಿ ವ್ಯಾಪಾರ ಮಾಡುತ್ತಿರುವವರಿಗೆ ಕಡಿಮೆ ಬಾಡಿಗೆಗೆ ಕೊಡಿ. ಹಲಸಿನ ಹಪ್ಪಳ, ಅಪ್ಪೆಮಿಡಿ, ಮುರುಗಲು ಸಿಪ್ಪೆ ಅಲ್ಲೇ ಸಿಗಲಿ. ಬುತ್ತಿ ತಂದವರನ್ನು ಗೇಟಿನಲ್ಲಿ ತಡೆದು ಬ್ಯಾಗ್ ತಪಾಸಣೆ ಮಾಡುವುದು ಬೇಡ. ಪ್ಲಾಸ್ಟಿಕ್ ತಡೆಯಿರಿ, ಮನೆಯ ಊಟ ತಡೆಯಬೇಡಿ.

ಶೌಚಾಲಯ ಜಾಸ್ತಿ ಕಟ್ಟಿ. ಸಿಬ್ಬಂದಿ ಇಟ್ಟು ದಿನಕ್ಕೆ ನಾಲ್ಕು ಸಲ ತೊಳೆಸಿ. ಹೆಣ್ಣುಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದ ಪ್ರತಿ ಮೇಷ್ಟ್ರಿಗೂ ಈ ಕಷ್ಟ ಗೊತ್ತು. ಬೆಳಿಗ್ಗೆಯಿಂದ ನೀರೇ ಕುಡಿಯದೆ ಸಂಜೆ ತನಕ ಇರುವ ಹುಡುಗಿಯರನ್ನು ನೋಡಿದ್ದೇನೆ. ಬಸ್ಸು ನಿಲ್ಲುವ ಜಾಗ ಗೇಟಿನ ಹತ್ತಿರವೇ ಇರಲಿ. ಕಾರಿಗೆ ಹತ್ತಿರ, ಬಸ್ಸಿಗೆ ದೂರ ಅಂತ ಮಾಡಬೇಡಿ. ಮಳೆಯಲ್ಲಿ ಅಜ್ಜಿಯರು ನಡೆಯಬೇಕಾದದ್ದು ಬಸ್ಸಿನಿಂದ, ಕಾರಿನಿಂದ ಅಲ್ಲ.

ಇನ್ನೊಂದು ವಿಷಯವನ್ನು ನೀವು ಹೋಟೆಲಿನ ಲೆಕ್ಕ ಹಾಕುವ ಮೊದಲೇ ಯೋಚಿಸಬೇಕು. ಹೊಳೆಗೆ ತನ್ನದೇ ಒಂದು ವರ್ಷವಿದೆ. ಜೂನಿನಲ್ಲಿ ಎದ್ದು, ಆಗಸ್ಟಿನಲ್ಲಿ ಅಬ್ಬರಿಸಿ, ಡಿಸೆಂಬರಿಗೆ ಸೊರಗಿ, ಬೇಸಿಗೆಯಲ್ಲಿ ಬಂಡೆಯ ಮೇಲೆ ಬಿಳಿ ದಾರದ ಹಾಗೆ ಇಳಿಯುತ್ತದೆ. ಹೋಟೆಲಿಗೆ ಆ ವರ್ಷ ಸಾಲದು. ಏಪ್ರಿಲ್‌ನಲ್ಲೂ ರೂಮು ತುಂಬಬೇಕು. ಆಗ ಶುರುವಾಗುತ್ತದೆ ಒತ್ತಡ. ವರ್ಷವಿಡೀ ನೀರು ಬೀಳಿಸುವ ಸರ್ವಋತು ಜಲಪಾತದ ಮಾತು ಹಿಂದೆಯೇ ಒಂದು ಸಲ ಬಂದು ಹೋಗಿದೆ. ಅದು ಮತ್ತೆ ಬರುತ್ತದೆ. ಅದಾಗದಿದ್ದರೆ ಬೇಸಿಗೆಯ ಪ್ರವಾಸಿಗರಿಗೆ ಅಂತ ಗಾಜಿನ ಸೇತುವೆ, ಡಿಜೆ, ರಾತ್ರಿ ದೀಪ ಒಂದೊಂದಾಗಿ ಬರುತ್ತವೆ. ಈ ಕಣಿವೆ ಸಿಂಗಳೀಕಗಳ ಮನೆ. 2019ರಲ್ಲಿ ಸರ್ಕಾರವೇ ಇಲ್ಲಿನ 930 ಚದರ ಕಿಲೋಮೀಟರ್ ಕಾಡನ್ನು ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಅಂತ ಘೋಷಿಸಿದೆ. ಬೇಸಿಗೆಯಲ್ಲಿ ರೂಮು ಖಾಲಿ ಇರುತ್ತದೆ ಅಂತ ಮೊದಲೇ ಒಪ್ಪಿಕೊಂಡು, ಅಷ್ಟಕ್ಕೆ ತಕ್ಕ ಹಾಗೆ ಸಣ್ಣ ಹೋಟೆಲ್ ಕಟ್ಟಿ. ದೊಡ್ಡದು ಕಟ್ಟಿ ಆಮೇಲೆ ಹೊಳೆಯನ್ನು ಅದಕ್ಕೆ ಹೊಂದಿಸಲು ಹೋಗಬೇಡಿ.

ರೂಮಿನಿಂದ ಬರುವ ದುಡ್ಡಿನಲ್ಲಿ ಒಂದು ಪಾಲು ಮೆಟ್ಟಿಲು, ಕಂಬಿ, ಮಾಡು, ಶೌಚಾಲಯಕ್ಕೆ ಅಂತ ಮೀಸಲಿಡಿ. ಎಷ್ಟು ಬಂತು, ಎಷ್ಟು ಖರ್ಚಾಯಿತು ಅಂತ ವರ್ಷಕ್ಕೊಮ್ಮೆ ಗೇಟಿನ ಪಕ್ಕ ಬೋರ್ಡಿನಲ್ಲಿ ಕನ್ನಡದಲ್ಲಿ ಬರೆಸಿ ಹಾಕಿ. ಹಳ್ಳಿ ಶಾಲೆಯ ಮಕ್ಕಳಿಗೆ ಗೇಟಿನಲ್ಲಿ ದುಡ್ಡು ಬೇಡ. ಹಬ್ಬ, ಭಾನುವಾರ ಅಂತ ದರ ಏರಿಸುವುದೂ ಬೇಡ.

ಕೊನೆಯದಾಗಿ ಒಂದು ಆಮಂತ್ರಣ. ಮುಂದಿನ ಆಗಸ್ಟಿನ ಯಾವುದಾದರೂ ಒಂದು ಭಾನುವಾರ ನೀವು ಬನ್ನಿ. ಸರ್ಕಾರಿ ಕಾರು ಬೇಡ. ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ತಾಳಗುಪ್ಪ. ನಾನು ಸ್ಟೇಷನ್ನಿನಲ್ಲೇ ಕಾಯುತ್ತಿರುತ್ತೇನೆ. ಅಲ್ಲಿಂದ ಬಸ್ಸಿನಲ್ಲಿ ಹೋಗೋಣ. ನಮ್ಮ ಮನೆಯಿಂದ ದೋಸೆ, ಅಪ್ಪೆಮಿಡಿ ಬುತ್ತಿ ಬರುತ್ತದೆ. ಮಂಜು ಇದ್ದರೆ ಎಲ್ಲರ ಜೊತೆ ಕಂಬಿಯ ಬಳಿ ನಿಂತು ಕಾಯೋಣ. ನಕ್ಷೆಯನ್ನೂ ತನ್ನಿ. ಹೋಟೆಲ್ ಎಲ್ಲಿ, ಗೇಟು ಎಲ್ಲಿ, ಬಸ್ಸು ನಿಲ್ಲುವುದು ಎಲ್ಲಿ ಅಂತ ಅಲ್ಲೇ ನಿಂತು ತೋರಿಸಿ. ನನ್ನ ಆ ವಿದ್ಯಾರ್ಥಿನಿ ಈಗ ಇಲ್ಲೇ ಹತ್ತಿರದ ಊರಿನಲ್ಲಿದ್ದಾಳೆ. ಮಗಳನ್ನು ಕರೆದುಕೊಂಡು ಅವಳೂ ಬರುತ್ತೇನೆ ಅಂದಿದ್ದಾಳೆ. ಕೊಡೆ ಮರೆಯಬೇಡಿ.

ಇಂತಿ,
ಸಾಗರ ತಾಲ್ಲೂಕಿನ ಒಬ್ಬ ನಿವೃತ್ತ ಮೇಷ್ಟ್ರು